ಬಲತೋಳು ಮೊದಲು

ಆ ಮಂಗಳವಾರ ಬೆಳಿಗ್ಗೆ ವಸಂತಾಳಿಗೆ ಮೊದಲು ಸಿಟ್ಟು ಬಂದದ್ದು ತನ್ನ ಕಾಲಿನ ಮೇಲೆಯೇ. ಡುಲುತ್‌ನ ಮನೆಯ ಗರಾಜಿನ ಮೆಟ್ಟಿಲ ಮೇಲೆ ಕೂತು ಕೆಲಸದ ಬಿಳಿ ಶೂ ಹಾಕಿಕೊಳ್ಳುವಾಗ ಎಡಗಾಲು ಮೊದಲು ಒಳಗೆ ಹೋಗಿತ್ತು. ಹೋದದ್ದನ್ನು ಕಂಡವಳೇ ಅದನ್ನು ಕಿತ್ತು ಪಕ್ಕಕ್ಕಿಟ್ಟು, ಬಲಗಾಲಿನದನ್ನು ಹಾಕಿಕೊಂಡು, ಆಮೇಲೆ ಎಡಗಾಲಿಗೆ ಬಂದಳು. ತಾನೇನು ಮಾಡಿದೆನೆಂದು ಹೊಳೆದ ಮೇಲೆ ಎರಡರ ಲೇಸನ್ನೂ ಕಟ್ಟದೆ ಹಾಗೇ ಬಿಟ್ಟು ಕಾರು ಹತ್ತಿದಳು. ನಲವತ್ತಾರು ವರ್ಷ ಯಾವ ಕಾಲು ಮೊದಲೆಂದು ಒಮ್ಮೆಯೂ ಯೋಚಿಸದೆ, ಮೈಸೂರಿನಲ್ಲಿ ಟೈಪಿಸ್ಟ್ ಆಗಿ, ಮದುವೆಯಾಗಿ, ಮಗಳನ್ನು ಹೆತ್ತು, ಗಂಡನ ಹಿಂದೆ ಅಟ್ಲಾಂಟಕ್ಕೆ ಬಂದು ಬದುಕಿದವಳ ಪಾದದ ಮೇಲೆ ಎಂಟೇ ತಿಂಗಳಲ್ಲಿ ಯಾರದೋ ಶಾಸ್ತ್ರ ಬಂದು ಕೂತುಬಿಟ್ಟಿತ್ತು. ಲೇಸು ಕಟ್ಟದ ಶೂನಲ್ಲಿ ಬ್ರೇಕ್ ಒತ್ತುವುದು ಅಪಾಯವೆಂದು ಎರಡನೆಯ ಸಿಗ್ನಲ್ಲಿನಲ್ಲಿ ಅನ್ನಿಸಿತು. ಕೆಂಪು ದೀಪದಲ್ಲಿ ಬಗ್ಗಿ ಕಟ್ಟಿಕೊಂಡಳು. ಎಡಗಾಲಿನದು ಮೊದಲು, ಬಲಗಾಲಿನದು ಆಮೇಲೆ. ಬೇಕೆಂದು ಮಾಡಿದ್ದಲ್ಲ, ಆದರೆ ಶಾಸ್ತ್ರಕ್ಕೆ ಸರಿಯಾಗಿಯೇ ಬಂತು, ಅದರಿಂದ ಇನ್ನಷ್ಟು ರೇಗಿತು. ಹಿಂದಿನವನು ಹಾರ್ನ್ ಹೊಡೆದ.

ಹೈವೇ ಎಂಬತ್ತೈದರಲ್ಲಿ ಕಾರುಗಳು ಅಲ್ಲಾಡದೆ ನಿಂತಿದ್ದವು. ಇವತ್ತು ತಡವಾಗಬಾರದಿತ್ತು. ಅವಳು ನೋಡಿಕೊಳ್ಳುವ ಮಿಸೆಸ್ ಸೀಗಲ್‌ರ ಮಗಳು ಎಲೇನ್ ಹತ್ತು ಗಂಟೆಗೆ ಷಾರ್ಲಟ್‌ನಿಂದ ಬರುತ್ತಾಳೆ, ಹನ್ನೊಂದೂವರೆಗೆ ಡಾಕ್ಟರ್. ಅಷ್ಟರೊಳಗೆ ಮಿಸೆಸ್ ಸೀಗಲ್‌ಗೆ ಬಟ್ಟೆ ತೊಡಿಸಿ ಮುಗಿಸಬೇಕು, ಅವರಿಗೆ ಬಟ್ಟೆ ತೊಡಿಸುವುದೆಂದರೆ ಐವತ್ತು ನಿಮಿಷ. ನರ್ಸಿಂಗ್ ಸಹಾಯಕಿಯ ಆರು ವಾರದ ಕೋರ್ಸಿನಲ್ಲಿ ವಸಂತಾ ಪ್ಲಾಸ್ಟಿಕ್ ಬೊಂಬೆಗೆ ಏಳು ನಿಮಿಷದಲ್ಲಿ ಬಟ್ಟೆ ತೊಡಿಸಿ ಪಾಸಾಗಿದ್ದಳು. ಲಕ್ವ ಹೊಡೆದವರಿಗೆ ಸೋತ ಕೈಗೆ ಮೊದಲು ತೋಳು ಹಾಕಬೇಕು, ಗಟ್ಟಿ ಕೈ ಆಮೇಲೆ ತಾನೇ ದಾರಿ ಹುಡುಕಿಕೊಳ್ಳುತ್ತದೆ; ಪರೀಕ್ಷೆಯಲ್ಲಿ ಬಂದ ಪ್ರಶ್ನೆಯೇ ಅದು, ಅವಳ ಉತ್ತರಕ್ಕೆ ಪೂರ್ತಿ ಅಂಕ ಸಿಕ್ಕಿತ್ತು. ಮಿಸೆಸ್ ಸೀಗಲ್‌ಗೆ ಸೋತದ್ದು ಎಡಗೈ. ಆದರೆ ಅವರ ಯಹೂದಿ ಧರ್ಮದಲ್ಲಿ ಬಲಗೈಯೇ ಮೊದಲು. ಬಲತೋಳು, ಬಲಗಾಲಿನ ಕಾಲುಚೀಲ, ಬಲಗಾಲಿನ ಶೂ. ಗಟ್ಟಿ ಕೈ ರವಿಕೆಯೊಳಗೆ ಸೇರಿ ಬಟ್ಟೆ ಬೆನ್ನಿಗೆ ಬಿಗಿಯಾದ ಮೇಲೆ, ಆ ನಿರ್ಜೀವವಾದ ಎಡಗೈಯನ್ನು ಬೆನ್ನ ಹಿಂದಿನಿಂದ ಹುಡುಕಿ ತೋಳಿಗೆ ತರಬೇಕು. ಅದೂ ಕಣ್ಣಿಗೆ ಕಾಣುವ ಹಾಗಿಲ್ಲ, ಹೊದಿಕೆಯ ಕೆಳಗೆ. ಮೈಯನ್ನು ಬರಿದು ಮಾಡಿಕೊಂಡು ಬಟ್ಟೆ ಹಾಕಿಕೊಳ್ಳಬಾರದು, ಕತ್ತಲ ಕೋಣೆಯಲ್ಲಿ ಒಬ್ಬರೇ ಇದ್ದರೂ ಸರಿ. ಮೊದಲ ದಿನ ವಸಂತಾ ನಗುತ್ತಲೇ ಕೇಳಿದ್ದಳು, ಬಾಗಿಲು ಹಾಕಿದೆ, ಪರದೆ ಎಳೆದಿದೆ, ಯಾರು ನೋಡುತ್ತಾರೆ ಎಂದು. ಮಿಸೆಸ್ ಸೀಗಲ್ ದಕ್ಷಿಣದವರ ನಿಧಾನದ ಇಂಗ್ಲಿಷಿನಲ್ಲಿ ಹೇಳಿದ್ದರು: "ಯಾರೂ ಇಲ್ಲದಲ್ಲಿ ಇರುವವನು ಒಬ್ಬ ಇದ್ದಾನಲ್ಲ ಹನೀ. ಅವನಿಗೆ ಬೇರೆ ಕೆಲಸವೂ ಇದೆ, ನಿಜ. ಆದರೂ."

ಎಂಬತ್ತನಾಲ್ಕು ವರ್ಷದ ಹೆಂಗಸು. ಚಾರ್ಲ್ಸ್‌ಟನ್‌ನಲ್ಲಿ ಗಂಡನಿಗೆ ಹೆಂಗಸರ ಶೂಗಳ ಅಂಗಡಿಯಿತ್ತು. ಅವನು ಹೋದ ಮೇಲೆ ಟೋಕೋ ಹಿಲ್ಸ್‌ನ ಈ ಇಟ್ಟಿಗೆ ಮನೆಗೆ ಬಂದದ್ದು ಇಲ್ಲಿಂದ ಪ್ರಾರ್ಥನಾ ಮಂದಿರಕ್ಕೆ ನಡೆದು ಹೋಗಬಹುದೆಂದು. ಈಗ ಆ ನಡಿಗೆಯೂ ಇಲ್ಲ. ಶೂ ಹಾಕುವಾಗ ಬಲಗಾಲು ಮೊದಲು, ಆದರೆ ಲೇಸು ಕಟ್ಟುವಾಗ ಎಡಗಾಲು ಮೊದಲು. ಯಾಕೆ ಹೀಗೆ ತಿರುಗಾಮುರುಗ ಎಂದು ವಸಂತಾ ಕೇಳಿದಾಗ ಅವರು, ದೊಡ್ಡವರು ಕೊಡುವ ಕಾರಣ ಬೇರೆ, ಆದರೆ ನನ್ನ ಗಂಡ ಗಿರಾಕಿಗಳಿಗೆ ಹೇಳುತ್ತಿದ್ದದ್ದು ಎರಡು ಕಾಲಿಗೂ ಬೇಜಾರಾಗಬಾರದು ಅಂತ, ಎಂದಿದ್ದರು. ಆಗ ವಸಂತಾ ನಿಜವಾಗಿ ನಕ್ಕಿದ್ದಳು. ಮಾರ್ಚಿನಲ್ಲಿ ನಗು ಬರುತ್ತಿತ್ತು. ನವೆಂಬರಿನ ಹೊತ್ತಿಗೆ, ಕಂಬಳಿಯೊಳಗೆ ಮೊಣಕೈಯವರೆಗೆ ಕೈ ತೂರಿಸಿ, ಕಣ್ಣನ್ನು ಎದುರಿನ ಗೋಡೆಯ ಮೇಲಿಟ್ಟು, ಅಂಗೈಯಲ್ಲೇ ಗುಂಡಿ ಹುಡುಕುತ್ತ, ಬೆನ್ನು ಹಿಡಿದುಕೊಂಡು, ಬೆವರು ಕಿವಿಯ ಹಿಂದೆ ಇಳಿಯುತ್ತಿದ್ದಾಗ, ತಾನು ಯಾವ ಜನ್ಮದಲ್ಲಿ ಯಾರ ಬಟ್ಟೆ ಎಳೆದಿದ್ದೆನೋ ಎಂದು ಅನ್ನಿಸುತ್ತಿತ್ತು. ಮಡಿಮೈಲಿಗೆಯನ್ನೆಲ್ಲ ಹಿಂದೆ ಬಿಟ್ಟು ಬಂದವಳೆಂದು ಅವಳಿಗೊಂದು ಸಣ್ಣ ಹೆಮ್ಮೆಯಿತ್ತು. ಅಜ್ಜಿಯ ಪಟ್ಟೆಮಡಿಯನ್ನು ಕೋಲಿನಲ್ಲಿ ಎತ್ತಿಕೊಡು ಎಂದರೆ ಬೇಕೆಂದೇ ಕೈಯಲ್ಲಿ ಮುಟ್ಟುತ್ತಿದ್ದ ಹುಡುಗಿ ಅವಳು.

ಆದರೂ ಶುಕ್ರವಾರದ್ದು ಬೇರೆ. ಶುಕ್ರವಾರ ಮಗಳು ಅಕ್ಷಯಾಳ ಸ್ಕೂಲಿನಲ್ಲಿ ಕೌನ್ಸೆಲರನ್ನು ಕಾಣಬೇಕಿತ್ತು, ಬೇಗ ಹೊರಡಬೇಕಿತ್ತು. ಮಿಸೆಸ್ ಸೀಗಲ್ ಅಂದು ಬೆಳಿಗ್ಗೆಯಿಂದ ಮೂರು ಸಲ ಇವತ್ತು ಯಾವ ವಾರ ಎಂದು ಕೇಳಿದ್ದರು. ಮೂರನೆಯ ಸಲ ವಸಂತಾ ಉತ್ತರ ಕೊಡಲಿಲ್ಲ. ಒಳಂಗಿಯನ್ನು ಬ್ಲೌಸಿನೊಳಗೆ ಮೊದಲೇ ತೂರಿಸಿ ಎರಡನ್ನೂ ಒಂದೇ ಬಟ್ಟೆಯ ಹಾಗೆ ಮಾಡಿ ತಲೆಯ ಮೇಲಿನಿಂದ ಇಳಿಸಿದಳು. ಅರ್ಧಕ್ಕೆ ಬಂದಾಗ ಬಟ್ಟೆಯೊಳಗಿನಿಂದ ದನಿ ಬಂತು, "ಎರಡಾ?" ಚಳಿ ಇದೆ ಮಿಸೆಸ್ ಸೀಗಲ್, ಹೌದು ಎರಡು, ಎಂದಳು ವಸಂತಾ. "ತೆಗೆ ಹನೀ. ಎರಡು ಬಟ್ಟೆ ಒಟ್ಟಿಗೆ ಹಾಕಬಾರದು. ಮರೆವು ಬರುತ್ತದೆ." ಅದು ಕೂಡ ಒಂದು ಶಾಸ್ತ್ರವೇ. ಆಗ ವಸಂತಾ, ಗಡಿಯಾರ ನೋಡುತ್ತ, ತೀರ ಸಹಜವಾಗಿ, ಹಾಲು ಮುಗಿದಿದೆ ಎನ್ನುವ ದನಿಯಲ್ಲಿ ಅಂದಳು: "ಇನ್ನು ಮರೆಯೋದಕ್ಕೆ ಉಳಿದಿರೋದಾದರೂ ಏನು ನಿಮ್ಮ ಹತ್ರ."

ಮುಖ ಇನ್ನೂ ಬಟ್ಟೆಯೊಳಗೇ ಇತ್ತು. ಮುಖವಿಲ್ಲದವರಿಗೆ ಆಡಿದ ಮಾತು ಅದು. ಅವಸರದಲ್ಲಿ ಎಳೆದಳು, ಕತ್ತಿನ ಪಟ್ಟಿ ಸ್ಕಾರ್ಫಿಗೆ ಸಿಕ್ಕಿ ಸ್ಕಾರ್ಫೂ ಕಳಚಿ ಬಂತು. ಎಂಟು ತಿಂಗಳಲ್ಲಿ ಆ ತಲೆಯನ್ನು ಅವಳು ನೋಡಿರಲಿಲ್ಲ. ಸ್ನಾನಕ್ಕೂ ಅವರು ತಮ್ಮ ಬಲಗೈಯಿಂದಲೇ ತಲೆ ತೊಳೆದು ಟವೆಲು ಸುತ್ತಿಕೊಂಡೇ ಕರೆಯುತ್ತಿದ್ದರು. ಗಂಡ ಸತ್ತು ಹತ್ತು ವರ್ಷವಾದರೂ, ಮನೆಯಲ್ಲಿ ಒಬ್ಬರೇ ಇದ್ದರೂ, ಮದುವೆಯಾದ ಹೆಂಗಸಿನ ಕೂದಲು ಮುಚ್ಚಿಯೇ ಇರಬೇಕು. ನೋಡುವುದಕ್ಕೆ ಅಲ್ಲೇನೂ ಇರಲಿಲ್ಲ. ಬೆಳ್ಳಗೆ, ತೆಳ್ಳಗೆ, ಕೂಸಿನ ನೆತ್ತಿಯ ಹಾಗೆ. ಮಿಸೆಸ್ ಸೀಗಲ್ ಬಲಗೈಯನ್ನು ನೆತ್ತಿಯ ಮೇಲಿಟ್ಟುಕೊಂಡು ಕೂತರು. ಒಂದು ಕೈಗೆ ಪೂರ್ತಿ ತಲೆ ಮುಚ್ಚುವುದಿಲ್ಲ. ವಸಂತಾ ಸ್ಕಾರ್ಫ್ ಕಟ್ಟಿದಳು. ಕ್ಷಮಿಸಿ ಎನ್ನಲಿಲ್ಲ. ಹೊರಡುವ ಮುಂಚೆ ಅಡಿಗೆಮನೆಯಲ್ಲಿದ್ದ, ಅವಳನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಯ ನೀಲಿ ಫೈಲಿನಲ್ಲಿ, ದಿನಾ ಬರೆಯಬೇಕಾದ ಕಡೆ, ಯಾರೂ ತನ್ನನ್ನು ಕೇಳುವ ಮುಂಚೆಯೇ ತಾನು ಹೇಳಿಬಿಡುವ ಆತುರದಲ್ಲಿ ಬರೆದಳು: ಬಟ್ಟೆ ತೊಡಿಸುವಾಗ ಪ್ರತಿರೋಧಿಸುತ್ತಾರೆ. ಗೊಂದಲದಲ್ಲಿದ್ದಾರೆ. ಸಹಿ.

ಭಾನುವಾರ ಗಂಡನಿಗೆ ಹೇಳಿದ್ದಳು. ಹರಿಪ್ರಸಾದ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಇಂಜಿನಿಯರು. ಯಾವುದನ್ನಾದರೂ ಬರೆದಿಟ್ಟರೆ ಅದು ಮುಗಿಯಿತೆಂದು ನಂಬಿದವನು. "ಚಾರ್ಟ್‌ನಲ್ಲಿ ಎಂಟ್ರಿ ಮಾಡಿದ್ದೀಯ ತಾನೆ? ಒಳ್ಳೇದೇ ಆಯ್ತು ಬಿಡು. ನಾಳೆ ಅವ್ರೇ ಕಂಪ್ಲೇಂಟ್ ಮಾಡಿದ್ರೆ ನೀನು ಕವರ್ಡ್."

"ಅದಲ್ಲ ರೀ. ಅವ್ರು ಕನ್‌ಫ್ಯೂಸ್ ಆಗಿರ್ಲಿಲ್ಲ. ನಾನು ರೇಗಿ ಬರ್ದಿದ್ದು."

"ವಾರ ಮೂರು ಸಲ ಕೇಳಿದ್ರು ಅಂದ್ಯಲ್ಲ. ಮತ್ತೆ?"

ಅಕ್ಷಯಾ ಸೀರಿಯಲ್ ಬಟ್ಟಲಿನಿಂದ ತಲೆಯೆತ್ತದೆ, "ನೀನು ಹೇಳಿದ್ದು ವೆರಿ ಮೀನ್, ಅಮ್ಮ," ಎಂದಳು. ಅಷ್ಟೇ. ಹದಿನಾಲ್ಕು ವರ್ಷದವಳು ಅಷ್ಟು ಹೇಳಿ ಮತ್ತೆ ಸೀರಿಯಲ್ ತಿಂದಳು.

ಸೋಮವಾರ ಮಿಸೆಸ್ ಸೀಗಲ್ ಎಂದಿನ ಹಾಗೇ ಇದ್ದರು. ಎದ್ದೊಡನೆ ಹಾಸಿಗೆಯ ಪಕ್ಕದ ಬೇಸಿನ್ನಿನಲ್ಲಿ ಕೈಗೆ ನೀರು ಹಾಕಿಸಿಕೊಂಡು, ಒಂದು ಬಲಕ್ಕೆ, ಒಂದು ಎಡಕ್ಕೆ, ಹಾಗೆ ಮೂರು ಸಲ, ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದವರು ಮಧ್ಯದಲ್ಲಿ ನಿಂತರು. ಹಣೆ ಗಂಟಿಕ್ಕಿತು. ವಸಂತಾಳ ಕೈಯಲ್ಲಿ ನೀರಿನ ಲೋಟ ಹಾಗೇ ನಿಂತಿತು. ಮರೆತರೆ? ಎರಡು ಬಟ್ಟೆ ಒಟ್ಟಿಗೆ ಹಾಕಿದ್ದಕ್ಕೆ? ಛೆ, ಎಂಥ ಹುಚ್ಚು. ತನ್ನ ಅಜ್ಜಿಯ ಶಾಸ್ತ್ರವನ್ನೇ ನಂಬದವಳು ಈಗ ಇವರ ಅಜ್ಜಿಯದನ್ನು ನಂಬಬೇಕೆ? ಆದರೂ ಅವರ ತುಟಿ ಮತ್ತೆ ಅಲ್ಲಾಡುವವರೆಗೆ ಅವಳು ಲೋಟ ಕೆಳಗಿಡಲಿಲ್ಲ. ಅವರು ಎಲ್ಲಿ ನಿಂತಿದ್ದರೋ ಅಲ್ಲಿಂದಲೇ ಶುರು ಮಾಡಿದರೋ, ಒಂದು ಸಾಲು ಹಾರಿಸಿದರೋ ತಿಳಿಯುವ ಬಗೆಯಿರಲಿಲ್ಲ. ಅಂದು ದಿನವಿಡೀ ಅವರ ಒಂದೊಂದು ತಡವರಿಕೆಯನ್ನೂ ಅವಳು ಕಾದಳು, ಅದಕ್ಕಾಗಿ ಅವರ ಮೇಲೇ ಸಿಟ್ಟಾದಳು.

ಇವತ್ತು ಎಂಟೂಕಾಲಿಗೆ ಮನೆ ಸೇರಿದಾಗ ಡ್ರೈವ್‌ವೇನಲ್ಲಿ ಎಲೇನ್‌ಳ ಕಾರು ಆಗಲೇ ನಿಂತಿತ್ತು. ನಾಲ್ಕು ಗಂಟೆಯ ದಾರಿಯನ್ನು ಬೆಳಗಿನ ಜಾವಕ್ಕೇ ಹೊರಟು ಬಂದುಬಿಟ್ಟಿದ್ದಳು. ಐವತ್ತೈದರ ಹೆಂಗಸು, ಜೀನ್ಸ್, ಕತ್ತರಿಸಿದ ಕೂದಲು, ಕಣ್ಣಿನ ಕೆಳಗೆ ಕಪ್ಪು. ತಾಯಿಯ ಶಾಸ್ತ್ರಗಳಲ್ಲಿ ಒಂದನ್ನೂ ಪಾಲಿಸದವಳು. ತಾಯಿ ಅವಳ ಪ್ಯಾಂಟಿನ ಬಗ್ಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ, ಸುಮ್ಮನೆ ಅದರ ಹೊಲಿಗೆಯನ್ನು ನೋಡುತ್ತಿದ್ದರು. ಊಟದ ಮೇಜಿನ ಮೇಲೆ ಎಲೇನ್ ರಟ್ಟಿನ ಪೆಟ್ಟಿಗೆ ಬಿಚ್ಚಿ ಬಟ್ಟೆ ಹರಡಿದಳು. ಬೆನ್ನಿನ ಉದ್ದಕ್ಕೂ ತೆರೆದುಕೊಳ್ಳುವ ಉಡುಪುಗಳು, ಕೂತಲ್ಲೇ ಮುಂದಿನಿಂದ ತೊಡಿಸಿ ಹಿಂದೆ ಎರಡು ಗುಂಡಿ ಒತ್ತಿದರಾಯಿತು. ಬ್ಲೌಸೂ ಸ್ವೆಟರೂ ಒಟ್ಟಿಗೆ ಹೊಲಿದ ಒಂದೇ ಅಂಗಿ. ಲೇಸಿಲ್ಲದೆ ಪಟ್ಟಿ ಅಂಟಿಸುವ ಶೂ. "ಎಲ್ಲಾ ನಿಮ್ಮಿಂದಲೇ," ಎಂದಳು ಎಲೇನ್, ನಿಜವಾದ ಕೃತಜ್ಞತೆಯಿಂದ. "ಆಗಸ್ಟಿನಲ್ಲಿ ಫೋನಿನಲ್ಲಿ ಹೇಳಿದ್ದಿರಲ್ಲ, ಬಟ್ಟೆ ಸ್ವಲ್ಪ ಸುಲಭವಾಗಿದ್ದರೆ ಅಂತ." ವಸಂತಾ ಹೇಳಿದ್ದು ಹೌದು. ಮೆಚ್ಚಿಸುವ ದನಿಯಲ್ಲಿ, ಬಾಗಿಲ ಕಡೆ ಕಣ್ಣಿಟ್ಟು, ಮಿಸೆಸ್ ಸೀಗಲ್‌ಗೆ ಕೇಳಿಸದ ಹಾಗೆ. ಎಲೇನ್ ಈಗ ಹಾಗೆಯೇ ದನಿ ತಗ್ಗಿಸಿದಳು. ಷಾರ್ಲಟ್‌ನಲ್ಲಿ ತನ್ನ ಮನೆಯ ಹತ್ತಿರದ ವೃದ್ಧರ ನಿವಾಸದಲ್ಲಿ ನಾಲ್ಕು ತಿಂಗಳು ಕಾದ ಮೇಲೆ ಒಂದು ಕೋಣೆ ಖಾಲಿಯಾಗಿದೆ. ಬುದ್ಧಿ ಕುಂದಿದೆ, ಒಬ್ಬರೇ ಇರುವ ಹಾಗಿಲ್ಲ ಎಂದು ಡಾಕ್ಟರ್ ಇವತ್ತು ಬರೆದುಕೊಟ್ಟರೆ ಮುಂದಿನ ವಾರವೇ ಕರೆದುಕೊಂಡು ಹೋಗಬಹುದು. "ಏಜೆನ್ಸಿಯವರು ನಿಮ್ಮ ನೋಟ್ಸ್ ಅವರಿಗೆ ಫ್ಯಾಕ್ಸ್ ಮಾಡಿದ್ದಾರೆ. ಶುಕ್ರವಾರದ್ದು ತುಂಬಾ ಉಪಯೋಗಕ್ಕೆ ಬರುತ್ತೆ." ಈ ಹೆಂಗಸು ಹದಿನೈದು ದಿನಕ್ಕೊಮ್ಮೆ ಎಂಟು ಗಂಟೆ ಕಾರು ಓಡಿಸುತ್ತಾಳೆ. ಇವಳಿಗೆ ಏನೆಂದು ಹೇಳುವುದು?

ಮಿಸೆಸ್ ಸೀಗಲ್ ಹೊಸ ಬಟ್ಟೆಯನ್ನು ಮಡಿಲ ಮೇಲೆ ಇಟ್ಟುಕೊಂಡು ಅಂಚನ್ನು ಹೆಬ್ಬೆರಳು ತೋರುಬೆರಳಲ್ಲಿ ಉಜ್ಜಿ ನೋಡಿದರು. "ಹೊಲಿಗೆ ಚೆನ್ನಾಗಿದೆ," ಎಂದರು. ಆಮೇಲೆ ತಿರುಗಿಸಿ ಬೆನ್ನಿನ ಸೀಳು ನೋಡಿದರು. "ಹಿಂದೆ ಯಾರಿರುತ್ತಾರೆ ಅಂತ ನನಗೆ ಹೇಗೆ ಗೊತ್ತಾಗುತ್ತೆ?"

"ಒಂದರ ಮೇಲೊಂದು ಬರುತ್ತೆ ಮಾಮ್. ಏನೂ ಕಾಣಲ್ಲ."

"ಕಾಣಲ್ಲ ಅಂತ ನೀನು ಹೇಳ್ತಿದ್ದೀಯ. ನೀನು ಮುಂದೆ ನಿಂತಿದ್ದೀಯ."

ಎಲೇನ್ ಕಣ್ಣು ಮುಚ್ಚಿ ತೆರೆದು ವಸಂತಾಳ ಕಡೆ ನೋಡಿದಳು. ವಸಂತಾ ಬಟ್ಟೆ ತೊಡಿಸಿದಳು. ಒಂಬತ್ತು ನಿಮಿಷ. ಸೋತ ಕೈ ಮೊದಲು, ಗಟ್ಟಿ ಕೈ ಆಮೇಲೆ, ಎರಡು ಬಟ್ಟೆ ಒಟ್ಟಿಗೆ, ಕಂಬಳಿ ಕಾಲಿನ ಹತ್ತಿರ ಮಡಚಿಟ್ಟು. ಮಿಸೆಸ್ ಸೀಗಲ್ ಒಂದು ಮಾತನ್ನೂ ಆಡಲಿಲ್ಲ, ಒಂದು ಕಡೆಯೂ ತಡೆಯಲಿಲ್ಲ. ಕೋರ್ಸಿನ ಪ್ಲಾಸ್ಟಿಕ್ ಬೊಂಬೆ ಹೀಗೇ ಇತ್ತು. ಇಷ್ಟು ಸುಲಭವಾದ ಕೆಲಸ ಇಷ್ಟು ಅಸಹ್ಯವಾಗಬಹುದೆಂದು ವಸಂತಾಳಿಗೆ ಗೊತ್ತಿರಲಿಲ್ಲ. ಒಂದಾದರೂ ಸಲ ಬೈಯಬಾರದೆ ಈ ಮುದುಕಿ, ಎಂದು ಅವಳು ಪಟ್ಟಿ ಅಂಟಿಸುತ್ತ ರೇಗಿಕೊಂಡಳು.

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಗಾಳಿಯಿತ್ತು. ಕಾರಿನಿಂದ ವೀಲ್‌ಚೇರಿಗೆ ಇಳಿಸುವಾಗ ಮಿಸೆಸ್ ಸೀಗಲ್ ಮೊದಲ ಸಲ ಬಾಯಿ ಬಿಟ್ಟರು, "ನೀನು ನನ್ನ ಹಿಂದೆಯೇ ನಡಿ." ಕುರ್ಚಿಗೆ ಬೆನ್ನಿದೆ, ಕಾಣುವಂಥದ್ದೇನೂ ಇಲ್ಲ. ಆದರೂ ವಸಂತಾ ಕುರ್ಚಿಗೆ ತೀರ ಅಂಟಿಕೊಂಡು, ಅದರ ಚಕ್ರ ಮೊಣಕಾಲಿನ ಕೆಳಗೆ ತಾಗುತ್ತಿದ್ದರೂ, ಹಿಂದೆಯೇ ನಡೆದಳು. ಬಾಗಿಲು ಹಿಡಿದುಕೊಳ್ಳಿ ಎಂದು ಎಲೇನ್ ಮುಂದಿನಿಂದ ಎರಡು ಸಲ ಕರೆದಳು. ಅವಳು ಹೋಗಲಿಲ್ಲ.

ಒಳಗೆ ಒಬ್ಬ ಎಳೆಯ ಸಹಾಯಕಿ ಕಾಗದದ ನಿಲುವಂಗಿ ಕೊಟ್ಟು, ಸೊಂಟದಿಂದ ಮೇಲೆ ಎಲ್ಲಾ ತೆಗೆಯಬೇಕು, ತಲೆಯದೂ ತೆಗೆದುಬಿಡಿ, ಎಂದಳು. ತಲೆಯದು ಬೇಡ, ಎಂದಳು ವಸಂತಾ. ಪರೀಕ್ಷೆ ಎದೆಗೆ ತಾನೆ, ತಲೆಯಲ್ಲಿ ಏನು ಕೆಲಸ? ಹುಡುಗಿ ಭುಜ ಕುಣಿಸಿ ಹೋದಳು, ಬಾಗಿಲನ್ನು ಅರ್ಧ ತೆರೆದೇ ಬಿಟ್ಟು. ಕಾರಿಡಾರಿನಲ್ಲಿ ಯಾರೋ ಗಂಡಸು ಟೆನಿಸ್ ಬಗ್ಗೆ ಮಾತಾಡುತ್ತ ಹೋದ. ಅಂದು ಮೈಸೂರಿನಲ್ಲಿ ಅಮ್ಮ ಮಲಗಿದ್ದ ಆಸ್ಪತ್ರೆಯ ವಾರ್ಡಿನಲ್ಲೂ ಹಾಗೇ ಜನ ಓಡಾಡುತ್ತಿದ್ದರು, ಇಪ್ಪತ್ತು ಮಂಚಗಳು, ಪಕ್ಕದ ಮಂಚದವರ ನೆಂಟರು ಚಕ್ಕುಲಿ ತಿನ್ನುತ್ತಿದ್ದರು, ಆಯಾ ಬಂದು ಅಮ್ಮನ ಒದ್ದೆ ಸೀರೆಯನ್ನು ಒಂದೇ ಎಳೆತಕ್ಕೆ ಎಳೆದು ಕೆಳಗೆ ಹಾಕಿದ್ದಳು. ಅಮ್ಮ ಹಾಸಿಗೆಯ ಹೊದಿಕೆಯನ್ನು ಹುಡುಕುತ್ತ ಕೈ ಆಡಿಸಿದರು, ಅದು ಕಾಲಿನ ಕಡೆ ಇತ್ತು, ಎಟುಕಲಿಲ್ಲ. ಇಪ್ಪತ್ತಮೂರು ವರ್ಷದ ವಸಂತಾ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದಳು. ಎದುರಿನ ಮಂಚದ ಹತ್ತಿರ ಕಾಲೇಜಿನಲ್ಲಿ ಅವಳ ಜೊತೆ ಓದಿದ ಹುಡುಗನೊಬ್ಬ ನಿಂತಿದ್ದ, ಅಮ್ಮ ಮಲಗಿದ್ದ ಮಂಚ ತನ್ನವರದ್ದೆಂದು ಅವನಿಗೆ ತಿಳಿಯಬಾರದಿತ್ತು. ಎರಡು ಹೆಜ್ಜೆ ಹೋಗಿ ಹೊದಿಕೆ ಎಳೆದಿದ್ದರೆ ಆಗುತ್ತಿತ್ತು. ಅಮ್ಮ ಅದರ ಬಗ್ಗೆ ಆಮೇಲೆ ಒಮ್ಮೆಯೂ ಏನೂ ಹೇಳಲಿಲ್ಲ, ಹೇಳುವುದಕ್ಕೆ ಬಹಳ ದಿನವೂ ಉಳಿಯಲಿಲ್ಲ. ವಸಂತಾ ಈಗ ಕಾಲಿನಿಂದ ಬಾಗಿಲನ್ನು ತಳ್ಳಿ, ಮೇಜಿನ ಮೇಲಿನ ಬಿಳಿಯ ಬಟ್ಟೆಯನ್ನು ಎರಡು ಕೈಯಲ್ಲಿ ಪರದೆಯ ಹಾಗೆ ಎತ್ತಿ ಹಿಡಿದಳು. ಎತ್ತಿ ಹಿಡಿದರೆ ಬಟ್ಟೆ ಬಿಚ್ಚುವುದಕ್ಕೆ ಕೈಯಿಲ್ಲ. ಎಲೇನ್ ಬಿಚ್ಚಿದಳು. ವಸಂತಾಳ ಭುಜ ನೋಯತೊಡಗಿತು, ಪರದೆಯ ಒಂದು ಮೂಲೆ ಜಾರುತ್ತಲೇ ಇತ್ತು.

ಡಾಕ್ಟರ್ ಎಳೆ ವಯಸ್ಸಿನವನು, ಮೃದುವಾಗಿ ಮಾತಾಡುವವನು. ಮೂರು ಶಬ್ದ ಹೇಳಿ ನೆನಪಿಟ್ಟುಕೊಳ್ಳಿ ಎಂದ: ಸೇಬು, ಮೇಜು, ನಾಣ್ಯ. ಗಡಿಯಾರ ಬರೆಸಿದ. ಇದು ಎಷ್ಟನೆಯ ಇಸವಿ ಎಂದು ಕೇಳಿದ. ತೊಂಬತ್ತೇಳು, ಎಂದರು ಮಿಸೆಸ್ ಸೀಗಲ್, ನಿಮ್ಮ ಲೆಕ್ಕದಲ್ಲಿ. ಐದು ನಿಮಿಷ ಬಿಟ್ಟು ಆ ಮೂರು ಶಬ್ದ ಯಾವುವು ಎಂದ. "ಸೇಬು," ಎಂದರು. ಆಮೇಲೆ ಕಾಗದದ ಅಂಗಿಯ ಅಂಚನ್ನು ಉಜ್ಜುತ್ತ ಉಳಿದೆರಡನ್ನು ಹುಡುಕಿದರು. ಡಾಕ್ಟರ್ ಏನೋ ಬರೆದುಕೊಂಡು ಫ್ಯಾಕ್ಸಿನ ಹಾಳೆ ತಿರುವಿದ. "ಬಟ್ಟೆ ತೊಡಿಸುವಾಗ ಪ್ರತಿರೋಧಿಸುತ್ತಾರೆ, ಗೊಂದಲದಲ್ಲಿದ್ದಾರೆ. ಇದು ನೀವು ಬರೆದದ್ದಲ್ಲವೆ? ಹೀಗೆ ಆಗಾಗ ಆಗುತ್ತಾ?"

ಮಿಸೆಸ್ ಸೀಗಲ್ ಅವಳ ಕಡೆ ನೋಡಲಿಲ್ಲ. ತಮ್ಮ ಪಟ್ಟಿ ಅಂಟಿಸಿದ ಶೂ ನೋಡುತ್ತಿದ್ದರು.

"ಕೆಲವು ಸಲ," ಎಂದಳು ವಸಂತಾ.

ಕೂಡಲೇ, ಯಾರೂ ಕೇಳದಿದ್ದರೂ, ಗಡಿಬಿಡಿಯಲ್ಲಿ ವಿವರಿಸತೊಡಗಿದಳು. ಅದು ಪ್ರತಿರೋಧ ಅಲ್ಲ ಡಾಕ್ಟರ್, ಅವರಿಗೆ ಒಂದು ಕ್ರಮ ಇದೆ. ಬಲತೋಳು ಮೊದಲು. ಒಂದೊಂದೇ ಬಟ್ಟೆ. ಒಳಗಿನ ಮಗ್ಗುಲು ಹೊರಗೆ ಬರಬಾರದು. ಹೊದಿಕೆಯ ಕೆಳಗೇ ಹಾಕಬೇಕು. ಶೂ ಬಲಗಾಲು ಮೊದಲು, ಆಮೇಲೆ ಎಡಗಾಲು, ಲೇಸು ಬಲಗಾಲಿನದು ಮೊದಲು ಕಟ್ಟಿ...

"ಎಡಗಾಲಿನದು," ಎಂದರು ಮಿಸೆಸ್ ಸೀಗಲ್.

"ಏನು?"

"ಲೇಸು ಎಡಗಾಲಿನದು ಮೊದಲು, ಹನೀ. ಎಂಟು ತಿಂಗಳಾಯಿತು. ಬಿಚ್ಚುವಾಗಲೂ ಎಡಗಾಲೇ ಮೊದಲು."

ಡಾಕ್ಟರ್ ನಕ್ಕ. ಎಲೇನ್ ಕೂಡ ಅರೆಕ್ಷಣ ನಕ್ಕಳು. ಹಳೆಯ ಅಭ್ಯಾಸಗಳು ಕೊನೆಯವರೆಗೂ ಉಳಿಯುತ್ತವೆ, ಅದರಿಂದ ಹೆಚ್ಚೇನೂ ಹೇಳುವುದಕ್ಕಾಗುವುದಿಲ್ಲ, ಎಂದು ಡಾಕ್ಟರ್ ಎಲೇನ್‌ಗೆ ತಿಳಿಸಿದ. ಮಿಸೆಸ್ ಸೀಗಲ್ ಅಲ್ಲಿ ಇಲ್ಲವೆಂಬಂತೆ. ಅವನು ಪೆನ್ನು ಎತ್ತಿದ್ದು ನೋಡಿ ವಸಂತಾಳಿಗೆ ಅವನ ಮೇಲೆ, ಆ ಪೆನ್ನಿನ ಮೇಲೆ, ಶುಕ್ರವಾರದ ತನ್ನ ಸಹಿಯ ಮೇಲೆ ಎಲ್ಲದರ ಮೇಲೂ ರೇಗಿತು.

"ನಾನು ಬರೆದದ್ದು ಸುಳ್ಳು," ಎಂದಳು. "ಶುಕ್ರವಾರ ಅವರಿಗೆ ಯಾವ ಗೊಂದಲವೂ ಇರಲಿಲ್ಲ. ನಾನು ಅವಸರದಲ್ಲಿ ಎರಡು ಬಟ್ಟೆ ಒಟ್ಟಿಗೆ ಹಾಕಿದೆ. ಬೇಡ ಅಂದರು. ನಾನು ಕೆಟ್ಟ ಮಾತು ಆಡಿದೆ. ಆಮೇಲೆ ಹಾಗೆ ಬರೆದೆ."

ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದ. ಮೂರು ಶಬ್ದದಲ್ಲಿ ಎರಡು ಹೋಗಿರುವುದು ನಿಜ, ಆದರೆ ಈ ದಾಖಲೆಯ ಮೇಲೆ ತಾನು ಏನೂ ಬರೆಯಲಾರೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಎಂದ.

ವಾಪಸು ಬರುವಾಗ ಎಲೇನ್ ಲಾವಿಸ್ಟಾ ರಸ್ತೆಯ ಮೂರು ಸಿಗ್ನಲ್ ಒಂದೇ ವೇಗದಲ್ಲಿ ದಾಟಿದಳು. ಮುಂದಿನ ಸೀಟಿನಲ್ಲಿ ಮಿಸೆಸ್ ಸೀಗಲ್ ತಲೆ ಒರಗಿಸಿ ಕಣ್ಣು ಮುಚ್ಚಿದ್ದರು. "ಆ ಕೋಣೆ ಮೂರು ತಿಂಗಳು ಖಾಲಿ ಇರಲ್ಲ," ಎಂದಳು ಎಲೇನ್ ಕನ್ನಡಿಯಲ್ಲಿ ವಸಂತಾಳನ್ನು ನೋಡುತ್ತ. "ಬರೆಯುವಾಗ ನೀವು ಯೋಚಿಸಲಿಲ್ಲ. ಬರೆದದ್ದನ್ನು ಅಳಿಸುವಾಗಲೂ ನೀವು ನನ್ನ ಬಗ್ಗೆ ಯೋಚಿಸಲಿಲ್ಲ. ಏನು ಕೆಟ್ಟ ಮಾತು ಆಡಿದಿರಿ?" ವಸಂತಾ ಹೇಳಿದಳು, ಆಡಿದ ಹಾಗೆಯೇ. ಎಲೇನ್ ಮತ್ತೆ ಕನ್ನಡಿಯಲ್ಲಿ ನೋಡಿದಳು. ಆ ಮಾತನ್ನು ತಾನೂ ಮನಸ್ಸಿನಲ್ಲಿ ಎಂದಾದರೂ ಆಡಿರಬಹುದಾದವಳ ಮುಖ ಅದು, ಅದಕ್ಕೇ ಅದರಲ್ಲಿ ಅಷ್ಟು ಸಿಟ್ಟಿತ್ತು. "ಏಜೆನ್ಸಿಗೆ ಫೋನ್ ಮಾಡುತ್ತೇನೆ. ನೀವು ಇನ್ನು ಬರುವುದು ಬೇಡ."

ಮನೆಯಲ್ಲಿ ಎಲೇನ್ ಫೋನ್ ಮಾಡಿದಳು, ಯಾರೂ ಎತ್ತದಿದ್ದಾಗ ಸುದ್ದಿ ಬಿಟ್ಟಳು. ವಸಂತಾಳ ಸಮಯ ಎರಡಕ್ಕೆ ಮುಗಿಯುತ್ತಿತ್ತು, ಇನ್ನೂ ಹತ್ತು ನಿಮಿಷವಿತ್ತು. ಮಿಸೆಸ್ ಸೀಗಲ್ ಮಲಗುವ ಕೋಣೆಯಿಂದ ಕರೆದರು. ಈ ಬಟ್ಟೆ ಸಾಕು, ನನ್ನದು ಹಾಕಿಕೊಳ್ಳಬೇಕು. ವಸಂತಾ ಅಭ್ಯಾಸದಂತೆ ಒಳಗೆ ಹೋಗಿ ಬೀರುವಿನಿಂದ ಬೂದು ಬಣ್ಣದ ಬ್ಲೌಸು, ಒಳಂಗಿ ತೆಗೆದಳು, ಕಂಬಳಿ ಬಿಡಿಸಿದಳು.

"ನೀನಲ್ಲ," ಎಂದರು ಮಿಸೆಸ್ ಸೀಗಲ್. ದನಿಯಲ್ಲಿ ಮುನಿಸಿರಲಿಲ್ಲ, ಕರುಣೆಯೂ ಇರಲಿಲ್ಲ. "ಇವತ್ತು ನೀನು ಒಳ್ಳೆಯ ಕೆಲಸ ಮಾಡಿದೆ. ಶುಕ್ರವಾರ ನೀನು ಅಂದದ್ದೂ ನನಗೆ ಚೆನ್ನಾಗಿ ನೆನಪಿದೆ. ಎಲೇನ್ ಬರಲಿ."

ಎಲೇನ್ ಬಂದಳು. ವಸಂತಾ ಬಟ್ಟೆಯನ್ನು ಅವಳ ಕೈಗೆ ಕೊಟ್ಟು ಹೊರಗೆ ಬಂದು ಬಾಗಿಲೆಳೆದಳು. ಕೋಟು ಹಾಕಿಕೊಂಡು ಹೊರಡಬಹುದಿತ್ತು. ಹೊರಡದೆ ಹಜಾರದಲ್ಲೇ, ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಒಳಗಿನಿಂದ ಕಂಬಳಿಯ ಸದ್ದು, ಮಂಚದ ಕಿರುಗುಟ್ಟು. "ಮಾಮ್, ಕೈ ಸ್ವಲ್ಪ ಎತ್ತು." "ಅದು ಎತ್ತೋದಕ್ಕೆ ಆಗಲ್ಲ, ಎಲೇನ್. ಅದಕ್ಕೇ ನೀನು ಬಂದಿರೋದು." "ಹಾಗಾದ್ರೆ ಆ ಕೈ ಮೊದಲು ಹಾಕೋಣ, ಇದೆಂಥ..." ಆಮೇಲೆ ಎಲೇನ್‌ಳೇ, ಸೋತ ದನಿಯಲ್ಲಿ, "ಸರಿ, ಸರಿ. ಬಲಗೈ. ಗೊತ್ತು." ಎಲೇನ್ ಬೆನ್ನ ಹಿಂದೆ ತಪ್ಪು ಕಡೆಯಿಂದ ಹುಡುಕುತ್ತಿದ್ದಾಳೆಂದು ಮಂಚದ ಸದ್ದಿನಿಂದಲೇ ವಸಂತಾಳಿಗೆ ಗೊತ್ತಾಯಿತು. ಮೊದಲು ಭುಜವನ್ನು ಮುಂದಕ್ಕೆ ತಳ್ಳಬೇಕು, ಆಗ ಮಣಿಕಟ್ಟು ತಾನಾಗಿ ಕೈಗೆ ಸಿಗುತ್ತದೆ. ಅಷ್ಟೂ ತಿಳಿಯುವುದಿಲ್ಲವೆ ಇವಳಿಗೆ.

ಅಡಿಗೆಮನೆಯ ಫೋನು ರಿಂಗಾಯಿತು. ಐದಾರು ಸಲ ರಿಂಗಾದ ಮೇಲೆ ವಸಂತಾಳೇ ಹೋಗಿ ಎತ್ತಿದಳು. ಏಜೆನ್ಸಿಯ ಮೇಲ್ವಿಚಾರಕಿ. ಮಿಸೆಸ್ ಸೀಗಲ್‌ರ ಮಗಳ ಸುದ್ದಿ ಬಂದಿದೆ, ಅವರ ಹತ್ತಿರ ಕೂಡಲೇ ಮಾತಾಡಬೇಕು, ಕರೆಯಿರಿ, ಎಂದಳು. ದನಿ ಗುರುತಾಗಿ, "ವಸಂತಾ? ನೀವಿನ್ನೂ ಅಲ್ಲೇ ಇದ್ದೀರಾ?"

"ಇದ್ದೇನೆ," ಎಂದಳು. "ಅವರು ಈಗ ಬರುವುದಕ್ಕಾಗುವುದಿಲ್ಲ. ತಾಯಿಗೆ ಬಟ್ಟೆ ತೊಡಿಸುತ್ತಿದ್ದಾರೆ."

"ಎಷ್ಟು ಹೊತ್ತಾಗುತ್ತೆ?"

ವಸಂತಾ ರಿಸೀವರಿಗೆ ಅಂಗೈ ಮುಚ್ಚಿ ಹಜಾರದ ಕಡೆ ಕಿವಿಗೊಟ್ಟಳು. ಆಮೇಲೆ ಕೈ ತೆಗೆದಳು.

"ಹೇಳುವುದಕ್ಕಾಗುವುದಿಲ್ಲ. ಎಡಗೈ ಇನ್ನೂ ಸಿಕ್ಕಿಲ್ಲ. ಕಾಯುತ್ತಿರಿ," ಎಂದಳು.